ಮೂರ್ಖರ ಮೂಲೆಗೆ ಜಯವಾಗಲಿ

ಕ್ಯೂಬಾದ ರಾಜಧಾನಿ ಹವಾನಾದ ಕ್ರಾಂತಿ ಮ್ಯೂಸಿಯಂ ಇರುವುದು ಸರ್ವಾಧಿಕಾರಿ ಬಟಿಸ್ಟಾ ಕೂತು ಆಳಿದ ಅರಮನೆಯಲ್ಲಿ. 1959ರ ಹೊಸವರ್ಷದ ದಿನ ಕ್ಯಾಸ್ಟ್ರೊನ ಕ್ರಾಂತಿಗೆ ಹೆದರಿ ಅವನು ಗಂಟುಮೂಟೆ ಕಟ್ಟಿ ಓಡಿದ. ಅರಮನೆ ಗಂಟಿನಲ್ಲಿ ಹಿಡಿಸಲಿಲ್ಲ. ಒಳಗಿನ ಸಿಂಗಾರವೆಲ್ಲ ನ್ಯೂಯಾರ್ಕಿನ ಟಿಫನಿ ಕಂಪನಿಯದು. ಬಂಡವಾಳಶಾಹಿಯ ಸೊಂಟ ಮುರಿದ ಕಥೆಯನ್ನು ಅದೇ ಬಂಡವಾಳಶಾಹಿ ಅಲಂಕರಿಸಿಕೊಟ್ಟ ಕೋಣೆಗಳಲ್ಲಿ ನಿಂತು ಓದಿಕೊಳ್ಳಬೇಕು. ಬಹುಕಾಲ ಟಿಕೆಟ್ಟಿಗೂ ಎರಡು ಜಾತಿಯಿತ್ತು: ನಾಡಿನವರಿಗೆ ಬಡ ಪೆಸೊ, ಪರದೇಶದವರಿಗೆ ಡಾಲರಿಗೆ ಗಂಟು ಹಾಕಿದ ಸಿರಿವಂತ ಪೆಸೊ. ಆ ಸಿರಿವಂತ 2021ರಲ್ಲಿ ತೀರಿಕೊಂಡ.

ಅಮೃತಶಿಲೆಯ ಮೆಟ್ಟಿಲ ಬಳಿ ಗುಂಡಿನ ತೂತುಗಳಿವೆ. 1957ರ ಮಾರ್ಚ್ 13ರಂದು ವಿದ್ಯಾರ್ಥಿ ಬಂಡಾಯಗಾರರು ಬಟಿಸ್ಟಾನನ್ನು ಮುಗಿಸಲು ನುಗ್ಗಿದಾಗಿನವು. ಅವನು ಮೇಲಿನ ಮಹಡಿಯಲ್ಲಿದ್ದು ಬಚಾವಾದ. ಇಡೀ ಕಟ್ಟಡದಲ್ಲಿ ಭಾಷಣ ಮಾಡದ ವಸ್ತು ಅಂದರೆ ಈ ತೂತುಗಳೇ ಇರಬೇಕು.

ಹೊರಗೆ ಗಾಜಿನ ಮನೆಯಲ್ಲಿ 'ಗ್ರಾನ್ಮಾ' ದೋಣಿ. ಹನ್ನೆರಡು ಮಂದಿಗೆಂದು ಮಾಡಿದ್ದರಲ್ಲಿ 1956ರಲ್ಲಿ ಕ್ಯಾಸ್ಟ್ರೊ, ಚೆ ಗುವೇರಾ ಸೇರಿ 82 ಮಂದಿ ಕ್ರಾಂತಿ ಮಾಡಲು ಮೆಕ್ಸಿಕೊದಿಂದ ಬಂದರು, ಜಾತ್ರೆಗೆ ಹೊರಟ ಟೆಂಪೊದ ಹಾಗೆ. ಕ್ರಾಂತಿ ಗೆದ್ದ ಮೇಲೆ ಸಾವಿರಾರು ಕ್ಯೂಬನ್ನರು ಟ್ಯೂಬು, ಹಲಗೆ ಕಟ್ಟಿಕೊಂಡು ಅದೇ ಕಡಲಿಗಿಳಿದರು, ಅಮೆರಿಕದ ದಿಕ್ಕಿಗೆ. ಅವರ ತೆಪ್ಪಗಳಿಗೆ ಗಾಜಿನ ಮನೆ ಇಲ್ಲ. ಗ್ರಾನ್ಮಾಕ್ಕೆ ಕಾವಲು ಹಾಕಿರುವುದೇ ಯಾರಾದರೂ ಹತ್ತಿ ಅಮೆರಿಕದ ಮಯಾಮಿಗೆ ಹೊರಟುಬಿಟ್ಟಾರೆಂದು ಅನ್ನುವುದು ಅಲ್ಲಿಯ ಹಳೇ ಜೋಕು.

ನನಗೆ ಎಲ್ಲಕ್ಕಿಂತ ಪ್ರಾಮಾಣಿಕ ಅನಿಸುವುದು ಮ್ಯೂಸಿಯಂನ 'ಮೂರ್ಖರ ಮೂಲೆ'. ಗೋಡೆಯ ಮೇಲೆ ಆಳೆತ್ತರದ ವ್ಯಂಗ್ಯಚಿತ್ರಗಳು: ಬಟಿಸ್ಟಾ, ಜೊತೆಗೆ ಅಮೆರಿಕದ ಅಧ್ಯಕ್ಷರು, ಕೌಬಾಯ್ ವೇಷದ ರೇಗನ್, ರೋಮನ್ ಚಕ್ರವರ್ತಿಯಾದ ಹಿರಿಯ ಬುಷ್, ಆಮೇಲೆ ಮಗನೂ ಬಂದು ಸೇರಿಕೊಂಡ. ಪಕ್ಕದಲ್ಲಿ ಒಬ್ಬೊಬ್ಬರಿಗೂ ಕೃತಜ್ಞತೆ: ಕ್ರಾಂತಿ ಮಾಡಲು ನೆರವಾದದ್ದಕ್ಕೆ, ಅದನ್ನು ಗಟ್ಟಿ ಮಾಡಿದ್ದಕ್ಕೆ ಧನ್ಯವಾದ, ಮೂರ್ಖ! ತಮಾಷೆಗೆ ಬರೆದದ್ದೇ ಇರಬಹುದು, ಆದರೆ ಲೆಕ್ಕ ಸರಿಯಾಗಿದೆ. 1962ರಿಂದ ಅಮೆರಿಕ ಹೇರಿರುವ ವ್ಯಾಪಾರ ದಿಗ್ಬಂಧನ ಕ್ಯೂಬಾದ ಜನರನ್ನು ಹಿಂಡಿದ್ದು ನಿಜ. ಅಲ್ಲಿನ ಸರ್ಕಾರಕ್ಕೆ ಸವೆಯದ ನೆಪ ಒದಗಿಸಿದ್ದೂ ಅಷ್ಟೇ ನಿಜ. ಕರೆಂಟು ಹೋಯಿತೇ? ದಿಗ್ಬಂಧನ. ಬ್ರೆಡ್ಡಿಗೆ ಕ್ಯೂ ನಿಂತಿರಾ? ದಿಗ್ಬಂಧನ. ಪ್ರಶ್ನೆ ಕೇಳಿದಿರಾ? ನೀವು ದಿಗ್ಬಂಧನದ ಕಡೆಯವರು.

ಗೋಡೆಗೆ ನಿಜವಾದ ಗಂಡಾಂತರ ಬಂದದ್ದು 2016ರಲ್ಲಿ. 88 ವರ್ಷಗಳ ನಂತರ ಅಮೆರಿಕದ ಅಧ್ಯಕ್ಷನೊಬ್ಬ ಹವಾನಾಕ್ಕೆ ಬಂದಿಳಿದ. ಒಬಾಮ ನಗುತ್ತಾ ಕೈಕುಲುಕಿ, ಬೇಸ್‌ಬಾಲ್ ನೋಡಿಕೊಂಡು ಹೋದರು. ಇಂಥವರಿಗೆ ಯಾವ ವೇಷ ಹಾಕುವುದು, ಏನಂತ ಧನ್ಯವಾದ ಬರೆಯುವುದು? ಪುಣ್ಯಕ್ಕೆ ಮರುವರ್ಷವೇ ಟ್ರಂಪ್ ಗದ್ದುಗೆ ಏರಿ ನಿರ್ಬಂಧಗಳನ್ನು ಮತ್ತೆ ಬಿಗಿ ಮಾಡಿದರು.