ಗುಂಡಿ ಇಲ್ಲದ ಗಾಲ್ಫಿಗೆ ಗುಂಡಿ ಮುಚ್ಚಿದ ಸರ್ಟಿಫಿಕೇಟು

ಡಿಪಾಸಿಟ್ ವಾಪಸ್ ಬೇಕಾದರೆ, ನಾವು ತೋಡಿದ ಒಂಬತ್ತು ಗುಂಡಿಗಳನ್ನು ಮುಚ್ಚಿದ್ದೇವೆ ಅಂತ ಸರ್ಟಿಫಿಕೇಟು ತರಬೇಕಂತೆ. ತರೋಣ, ಅದಕ್ಕೇನು. ಆದರೆ ನಾವು ಗುಂಡಿಯನ್ನೇ ತೋಡಿಲ್ಲ.

ಮೊದಲಿಂದ ಹೇಳುತ್ತೇನೆ. ನಾವೊಂದು ಹತ್ತು ಹನ್ನೆರಡು ಜನ ಡಿಸ್ಕ್ ಗಾಲ್ಫ್ ಆಡುವವರು. ಗೊತ್ತಿಲ್ಲದವರಿಗೆ ಹೇಳುವುದಾದರೆ, ಇದು ಚೆಂಡಿಲ್ಲದ, ಕೋಲಿಲ್ಲದ, ಗುಂಡಿಯೂ ಇಲ್ಲದ ಗಾಲ್ಫ್. ಕೈಯಲ್ಲಿ ಫ್ರಿಸ್ಬಿಯ ತಮ್ಮನಂಥ ಒಂದು ತಟ್ಟೆ, ಅದೇ ಡಿಸ್ಕು. ದೂರದಲ್ಲಿ ಒಂದು ಕಂಬ, ಕಂಬದ ಸುತ್ತ ನೇತಾಡುವ ಸರಪಳಿಗಳು, ಕೆಳಗೊಂದು ಬುಟ್ಟಿ. ಎಸೆಯಬೇಕು, ಬಿದ್ದ ಜಾಗಕ್ಕೆ ನಡೆಯಬೇಕು, ಅಲ್ಲಿಂದ ಮತ್ತೆ ಎಸೆಯಬೇಕು. ಕಡಿಮೆ ಎಸೆತದಲ್ಲಿ ಬುಟ್ಟಿಗೆ ಹಾಕಿದವರು ಗೆದ್ದರು. ನಮಗೆ ಸ್ವಂತ ಮೈದಾನ ಇಲ್ಲ. ಹಾಗಾಗಿ ಮಡಚುವ ಬುಟ್ಟಿಗಳನ್ನು ಕಾರಿನ ಡಿಕ್ಕಿಯಲ್ಲಿ ತುಂಬಿಕೊಂಡು ಬರುತ್ತೇವೆ. ಬೆಳಿಗ್ಗೆ ಪಾರ್ಕಿನಲ್ಲಿ ನಿಲ್ಲಿಸುತ್ತೇವೆ, ಮಧ್ಯಾಹ್ನ ಎತ್ತಿಕೊಂಡು ಹೋಗುತ್ತೇವೆ. ಬಂದು ಹೋಗಿದ್ದು ಹುಲ್ಲಿಗೂ ಗೊತ್ತಾಗುವುದಿಲ್ಲ.

ಎಡವಟ್ಟಾಗಿದ್ದು ಒಂದೇ ಒಂದು ಶಬ್ದದಿಂದ. ಗಾಲ್ಫಿನ ಹೆಸರು ಹೊತ್ತ ಆಟವಾದ್ದರಿಂದ ಒಂದೊಂದು ಬುಟ್ಟಿಯ ಸರದಿಗೂ ನಾವು ‘ಹೋಲ್’ ಅಂತಲೇ ಹೇಳುವುದು. ಪಾರ್ಕಿನಲ್ಲಿ ಆಡಲು ಒಪ್ಪಿಗೆ ಕೇಳಿ ಸರ್ಕಾರಿ ಕಚೇರಿಗೆ ಕೊಟ್ಟ ಅರ್ಜಿಯಲ್ಲೂ ಹಾಗೇ ಬರೆದುಬಿಟ್ಟೆವು: ಒಂಬತ್ತು ಹೋಲ್‌ಗಳ ತಾತ್ಕಾಲಿಕ ಕೋರ್ಸ್.

ಕೇಸ್ ವರ್ಕರ್ ಕನ್ನಡಕ ಹಣೆಗೇರಿಸಿದರು.

“ಎಷ್ಟು ಆಳ?”

“ಯಾವುದು ಸಾರ್?”

“ಹೋಲು.”

“ಆಳ ಇಲ್ಲ ಸಾರ್.”

“ಆಳ ಇಲ್ಲದ ಹೋಲು ಯಾವುದ್ರೀ?”

ವೇದಾಂತದ ಪ್ರಶ್ನೆ, ಅಲ್ವಾ? ಒಂಬತ್ತು ತೂತಿನ ಈ ದೇಹ ಹೊತ್ತುಕೊಂಡು ಅವರ ಮೇಜಿನ ಮುಂದೆ ನಿಂತಿದ್ದ ನನ್ನ ಹತ್ತಿರ ಉತ್ತರ ಇರಲಿಲ್ಲ. “ಅದು ಸುಮ್ನೆ ಹೆಸರು ಸಾರ್, ಬುಟ್ಟಿ ನೆಲದ ಮೇಲೆ ನಿಲ್ಲುತ್ತದೆ” ಅಂದೆ. “ನೆಲದ ಮೇಲಿದ್ದರೆ ಹೋಲು ಹೇಗಾಯ್ತು?” ಅಂದರು. ತರ್ಕದಲ್ಲಿ ತಪ್ಪು ಹುಡುಕೋಕೆ ಆಗಲಿಲ್ಲ. ಕೊನೆಗೆ ಅವರೇ ಕನಿಕರದಿಂದ ‘ಆಳ: ಅರ್ಧ ಅಡಿ (ಅಂದಾಜು)’ ಅಂತ ತುಂಬಿದರು. ಕಾಲಂ ಖಾಲಿ ಬಿಟ್ಟರೆ ಸಾಹೇಬರು ವಾಪಸ್ ಕಳಿಸುತ್ತಾರಂತೆ.

ಆ ಫಾರಂ ಹುಟ್ಟಿದ್ದೇ ಡೇರೆ, ವೇದಿಕೆ ಹಾಕುವವರಿಗಾಗಿ. ಅಡಿಪಾಯದ ನಕ್ಷೆ ಕೇಳಿತು. ಎಷ್ಟು ಕುರ್ಚಿ ಅಂತ ಕೇಳಿತು. ಕ್ರೀಡೆಯಾದರೆ ಚೆಂಡಿನ ಗಾತ್ರ ಬರೆಯಿರಿ ಅಂತಿತ್ತು. ಚೆಂಡಿಲ್ಲ ಅಂದರೆ ಅವರು ಒಪ್ಪಲಿಲ್ಲ. ಗಾಲ್ಫ್ ಅಂದಮೇಲೆ ಚೆಂಡು ಇರಲೇಬೇಕು. ಹಾಗಾಗಿ ಸರ್ಕಾರಿ ದಾಖಲೆಯ ಪ್ರಕಾರ ನಾವು ಆಡುವುದು ‘ಚಪ್ಪಟೆ ಚೆಂಡು, ಅಗಲ 21 ಸೆಂಟಿಮೀಟರ್, ತೂಕ 175 ಗ್ರಾಂ’. ಎಸೆಯಲು ನಿಲ್ಲುವ ಜಾಗಕ್ಕೆ ‘ಟೀ’ ಅನ್ನುತ್ತಾರೆ ಅಂತ ಹೇಳಿದ್ದು ಇನ್ನೂ ದೊಡ್ಡ ತಪ್ಪಾಯಿತು. ಒಂಬತ್ತು ಕಡೆ ಟೀ ಅಂದರೆ ಪಕ್ಕದ ಮೇಜಿನ ಒಪ್ಪಿಗೆಯೂ ಬೇಕು, ಬೆಂಕಿ ಹೊತ್ತಿಸುವುದಿಲ್ಲ ಅಂತ ಮುಚ್ಚಳಿಕೆಯೂ ಬೇಕು. ಎರಡನ್ನೂ ಕೊಟ್ಟೆ. ವಾದ ಮಾಡೋಕಿಂತ ಬರೆದುಕೊಡುವುದೇ ಸಲೀಸು ಅಂತ ಅಷ್ಟರಲ್ಲಿ ಅರ್ಥವಾಗಿತ್ತು.

ಆದರೂ ತಿಳಿಹೇಳುವ ಚಪಲ ನೋಡಿ. ಮುಂದಿನ ಸಲ ಎರಡು ಪುಟದ ಟಿಪ್ಪಣಿ ಬರೆದುಕೊಂಡು ಹೋದೆ. 1926ರಲ್ಲೇ ಕೆನಡಾದ ಬ್ಲಾಡ್‌ವರ್ತ್ ಅನ್ನುವ ಊರಿನಲ್ಲಿ ಶಾಲೆ ಹುಡುಗರು ಡಬ್ಬಿ ಮುಚ್ಚಳ ಎಸೆದು ‘ಟಿನ್ ಲಿಡ್ ಗಾಲ್ಫ್’ ಆಡಿದ್ದರು. ಆಮೇಲೆ ಎಷ್ಟೋ ಕಡೆ ಜನ ಮರ, ದೀಪದ ಕಂಬ, ಕಸದ ಡಬ್ಬಿಯನ್ನೇ ಗುರಿ ಮಾಡಿಕೊಂಡು ಫ್ರಿಸ್ಬಿ ಎಸೆದರು. ಫ್ರಿಸ್ಬಿ ಕಂಪನಿಯಲ್ಲಿ ದುಡಿದಿದ್ದ ಎಡ್ ಹೆಡ್ರಿಕ್ 1975ರಲ್ಲಿ ಕ್ಯಾಲಿಫೋರ್ನಿಯಾದ ಓಕ್ ಗ್ರೋವ್ ಪಾರ್ಕಿನಲ್ಲಿ ಕೋರ್ಸ್ ಮಾಡಿದರು. ಗುರಿಗೆ ಬರೀ ಕಂಬ. ಡಿಸ್ಕು ಕಂಬಕ್ಕೆ ತಾಗಿತು, ಇಲ್ಲ ತಾಗಲಿಲ್ಲ ಅಂತ ಜಗಳವೋ ಜಗಳ. ಅದಕ್ಕೇ ಕಂಬಕ್ಕೆ ಸರಪಳಿ ನೇತುಹಾಕಿ ಕೆಳಗೆ ಬುಟ್ಟಿ ಇಟ್ಟರು. 1977ರಲ್ಲಿ ಅದಕ್ಕೆ ಪೇಟೆಂಟೂ ಸಿಕ್ಕಿತು. ಈಗ ಜಗಳವಿಲ್ಲ. ಸರಪಳಿ ಝಣ್ ಅನ್ನಬೇಕು, ಡಿಸ್ಕು ಬುಟ್ಟಿಯಲ್ಲಿ ಕೂರಬೇಕು, ಅಷ್ಟೇ. 2002ರಲ್ಲಿ ತೀರಿಕೊಂಡಾಗ ಆ ಪುಣ್ಯಾತ್ಮನ ಆಸೆಯಂತೆ ಅವರ ಚಿತಾಭಸ್ಮವನ್ನು ಪ್ಲಾಸ್ಟಿಕ್ಕಿಗೆ ಬೆರೆಸಿ ಡಿಸ್ಕುಗಳನ್ನೇ ಮಾಡಿದರು. (ನಮ್ಮ ಕಚೇರಿಯಲ್ಲಿ ಅರ್ಜಿ ಹಾಕಿದ್ದರೆ ಆ ಬೂದಿಗೆ ಯಾವ ಕಾಲಂ ಸಿಗುತ್ತಿತ್ತೋ.)

ಟಿಪ್ಪಣಿಯಲ್ಲಿ ಒಂದು ಸಾಲಿಗೆ ಅಡಿಗೆರೆಯನ್ನೂ ಎಳೆದಿದ್ದೆ. ಕಾಯಂ ಕೋರ್ಸಿನಲ್ಲಿ ಬುಟ್ಟಿಯ ಕಂಬ ಹೂಳುವುದಕ್ಕೆ ನೆಲ ಅಗೆದು ಕಾಂಕ್ರೀಟ್ ಹಾಕುತ್ತಾರೆ. ನಾವು ತಾತ್ಕಾಲಿಕ ಕೋರ್ಸ್ ಕೇಳುತ್ತಿರುವುದೇ ನೆಲ ಅಗೆಯುವುದು ಬೇಡ ಅಂತ. ಕೇಸ್ ವರ್ಕರ್ ಆ ಸಾಲಿನ ಮೇಲೆ ಬೆರಳಿಟ್ಟು ಓದಿದರು. “ನೆಲ ಅಗೆದು” ಅನ್ನುವಲ್ಲಿಗೆ ನಿಲ್ಲಿಸಿದರು. “ನೋಡಿ, ನೀವೇ ಬರೆದಿದ್ದೀರಿ” ಅಂದರು. ಎತ್ತು ಕರು ಹಾಕಿತು ಅಂದರೆ ಕೊಟ್ಟಿಗೆಯಲ್ಲಿ ಕಟ್ಟು ಅನ್ನುವವರ ಬಗ್ಗೆ ಗಾದೆ ಕೇಳಿದ್ದೆ. ಇಲ್ಲಿ ಎತ್ತಿನ ಬಾಣಂತನಕ್ಕೆ ನನ್ನಿಂದಲೇ ಡಿಪಾಸಿಟ್ ಕಟ್ಟಿಸಿಕೊಂಡರು.

ಒಪ್ಪಿಗೆ ಪತ್ರ ಕೊನೆಗೂ ಬಂತು. ಬರುವಷ್ಟರಲ್ಲಿ ಪಾರ್ಕಿನ ಹುಲ್ಲನ್ನು ಮೂರು ಸಲ ಕತ್ತರಿಸಿದ್ದರು. ಷರತ್ತುಗಳು ಓದುವಂತಿವೆ. ಗುಂಡಿಗಳ ಸುತ್ತ ಟೇಪು ಕಟ್ಟತಕ್ಕದ್ದು. ಕತ್ತಲಾದ ಮೇಲೆ ಪ್ರತಿ ಗುಂಡಿಯ ಬಳಿ ಕೆಂಪು ದೀಪ ಇಡತಕ್ಕದ್ದು. ಆಟ ಮುಗಿದ ಕೂಡಲೇ ಗುಂಡಿಗಳನ್ನು ಮುಚ್ಚಿ ನೆಲ ಸಮತಟ್ಟು ಮಾಡತಕ್ಕದ್ದು.

ನಿಜವಾಗಿ ಕೇಳಬೇಕಾದ ಪ್ರಶ್ನೆ ಒಂದಿತ್ತು. ಅದಕ್ಕೆ ಕಾಲಮ್ಮೇ ಇರಲಿಲ್ಲ. 175 ಗ್ರಾಂ ಗಟ್ಟಿ ಪ್ಲಾಸ್ಟಿಕ್ಕು ಜೋರಾಗಿ ಹಾರಿಬಂದು ತಲೆಗೆ ಬಡಿದರೆ ಹುಡುಗಾಟವಲ್ಲ. ಫ್ರಿಸ್ಬಿಯ ಅಂಚು ದುಂಡಗಿರುತ್ತದೆ. ದೂರ ಎಸೆಯುವ ಡ್ರೈವರ್ ಡಿಸ್ಕಿನ ಅಂಚು ತೆಳ್ಳಗೆ ಚೂಪಾಗಿರುತ್ತದೆ. ಪಾರ್ಕಿನಲ್ಲಿ ನಡೆಯುವವರು ಹಾಕಿಕೊಳ್ಳುವುದು ಹೆಲ್ಮೆಟ್ ಅಲ್ಲ, ಇಯರ್‌ಫೋನ್. ಎದುರಿಗೆ ಯಾರಿಗೂ ತಾಗುವುದಿಲ್ಲ ಅಂತ ಖಾತ್ರಿಯಾಗುವ ತನಕ ಎಸೆಯಬಾರದು ಅನ್ನುವುದು ಈ ಆಟದ ನಿಯಮ. ಅದಕ್ಕಾಗಿ ನಾವು ಎರಡು ಸಂಜೆ ಪಾರ್ಕಿನಲ್ಲಿ ಅಲೆದು ನಕ್ಷೆ ಮಾಡಿದ್ದೆವು. ಬಲಗೈಯವರು ಹಿಂಗೈ ಬೀಸಿ ಎಸೆದ ಡಿಸ್ಕು ಕೊನೆಗೆ ಎಡಕ್ಕೆ ವಾಲುತ್ತದೆ. ಅದಕ್ಕೇ ನಡೆಯುವ ದಾರಿ ಎಡಕ್ಕೆ ಬರದಂತೆ ಬುಟ್ಟಿಗಳನ್ನು ತಿರುಗಿಸಿ ಇಟ್ಟೆವು. ಆಮೇಲೆ ನಮ್ಮಲ್ಲೊಬ್ಬ ಎಡಚ ಇದ್ದಾನೆ ಅಂತ ನೆನಪಾಗಿ, ಪೊದೆ ಮರೆಯ ತಿರುವಿನಲ್ಲಿ ಬಾವುಟ ಹಿಡಿದು ನಿಲ್ಲಲು ಇಬ್ಬರನ್ನು ಹಾಕಿದೆವು. ಈ ನಕ್ಷೆಯನ್ನು ಕಚೇರಿಯಲ್ಲಿ ತೋರಿಸಿದಾಗ ಅವರು ಒಂದೇ ಪ್ರಶ್ನೆ ಕೇಳಿದರು. “ಇದರಲ್ಲಿ ಗುಂಡಿ ಎಲ್ಲಿದೆ?”

ಆಟದ ದಿನ. ಆರು ಗಂಟೆಗೇ ಬುಟ್ಟಿಗಳು ನಿಂತವು. ಟೀಗೆ ಸುಣ್ಣದ ಗೆರೆ, ಗಡಿಗೆ ದಾರ. ದಾರದಾಚೆ ಬಿದ್ದರೆ ಓಬಿ, ಒಂದು ಎಸೆತ ದಂಡ. ಒಂದು ಮರಕ್ಕೆ ಬಾಣದ ಗುರುತು ಕಟ್ಟಿ ಮ್ಯಾಂಡೋ ಮಾಡಿದೆವು. ಅಂದರೆ ಡಿಸ್ಕು ಆ ಮರದ ಬಲಗಡೆಯಿಂದಲೇ ಹೋಗಬೇಕು.

ಮೊದಲ ಎಸೆತಕ್ಕೆ ಕೈ ಹಿಂದಕ್ಕೆ ಹೋಗಿತ್ತು, ಸೀಟಿ ಊದಿತು. ಕಾವಲಿನವರು ಓಡಿಬಂದರು. ‘ಇಲ್ಲಿ ಆಟ ಆಡಬಾರದು’ ಬೋರ್ಡು ತೋರಿಸಿದರು. ನಾನು ಒಪ್ಪಿಗೆ ಪತ್ರ ತೋರಿಸಿದೆ. ಅವರು ನಿಧಾನಕ್ಕೆ ಓದಿದರು.

“ಇದು ಗಾಲ್ಫಿಗೆ ಕೊಟ್ಟಿದ್ದು. ನೀವು ತಟ್ಟೆ ಎಸೀತಿದ್ದೀರಿ.”

“ತಟ್ಟೆಯಲ್ಲಣ್ಣ, ಚಪ್ಪಟೆ ಚೆಂಡು. ಎರಡನೇ ಪುಟ ನೋಡಿ.”

ನೋಡಿದರು. ಸೀಲು ಕಂಡಿತು. ಸೆಲ್ಯೂಟ್ ಹೊಡೆದು ಹೋದರು. ಆ ಸುಳ್ಳು ಕಾಲಂ ಒಂದು ಕೆಲಸಕ್ಕಾದರೂ ಬಂತು.

ಅರ್ಧ ಗಂಟೆ ಸ್ವರ್ಗ. ಎಡಚನ ಒಂದು ಎಸೆತವನ್ನಂತೂ ಹೇಳಲೇಬೇಕು. ಬಾಣದ ಮರದ ಬಲಕ್ಕೆ, ಎಲೆ ಸವರುವಷ್ಟು ಹತ್ತಿರದಿಂದ ಹೊರಟ ಡಿಸ್ಕು, ಇನ್ನೇನು ಬೇಲಿಗೆ ಹೋಯಿತು ಅನ್ನುವಾಗ ಗಾಳಿಯಲ್ಲಿ ಒಂದು ಕ್ಷಣ ನಿಂತಂತಾಗಿ, ಹಿಂದಕ್ಕೆ ತಿರುಗಿ, ಮೂರನೇ ಬುಟ್ಟಿಯ ಸರಪಳಿಗೆ ಬಡಿಯಿತು. ಝಣ್! ಬೆಂಚಿನ ಮೇಲೆ ಪೇಪರ್ ಓದುತ್ತಿದ್ದ ಅಜ್ಜ ತಲೆಯೆತ್ತಿ, “ಯಾರ್ರೀ ಅದು ಗೇಟು ಮುರಿದಿದ್ದು?” ಅಂದರು.

ಬುಟ್ಟಿಯಿಂದ ಡಿಸ್ಕು ತೆಗೆಯಲು ಕೈ ಹಾಕಿದ ಎಡಚ ಹಾಗೇ ನಿಂತ. ಡಿಸ್ಕಿನ ಕೆಳಗೆ ಒಂದು ಖಾಲಿ ನೀರಿನ ಬಾಟಲಿ, ಎರಡು ಟಿಶ್ಯೂ, ಹರಿದ ಶೂ ಲೇಸು. ಉಳಿದ ಬುಟ್ಟಿಗಳ ಕಥೆಯೂ ಅದೇ. ಈ ಪಾರ್ಕಿನ ಕಸದ ಡಬ್ಬಿಗಳು ಎಷ್ಟೋ ಕಾಲದಿಂದ ಖಾಲಿ ನಿಂತಿವೆ. ಜನ ಅದರ ಪಕ್ಕದಲ್ಲಿ ಹಾಕುತ್ತಾರೆ, ಒಳಗೆ ಹಾಕುವುದಿಲ್ಲ. ನಮ್ಮ ಬುಟ್ಟಿ ಬಂದು ಒಂದು ಗಂಟೆಯಾಗಿಲ್ಲ, ಒಬ್ಬರೂ ಗುರಿ ತಪ್ಪಿಲ್ಲ! ವಾಕಿಂಗ್ ಮಾಡುತ್ತಿದ್ದ ಒಬ್ಬರು ನಿಂತು ಹೊಗಳಿಯೂ ಹೋದರು. “ಒಳ್ಳೆ ಡಿಸೈನು. ಗಾಳಿ ಆಡುತ್ತೆ, ವಾಸನೆ ಬರಲ್ಲ. ಸರಪಳಿ ಯಾಕೆ, ಕಳ್ಳತನ ಆಗದಿರಲಿ ಅಂತಲಾ?”

ಮಧ್ಯಾಹ್ನಕ್ಕೆ ಬುಟ್ಟಿ ಮಡಚಿದೆವು, ದಾರ ಸುತ್ತಿದೆವು, ಜನರ ಕಸವನ್ನೂ ಹೊತ್ತುಕೊಂಡು ಹೋದೆವು. ಆ ಪಾರ್ಕು ಅಷ್ಟು ಚೊಕ್ಕಟವಾಗಿದ್ದನ್ನು ನಾನು ಬೇರೆ ದಿನ ನೋಡಿಲ್ಲ.

ಮರುವಾರ ತಪಾಸಣೆಗೆ ಕಚೇರಿಯಿಂದ ಒಬ್ಬರು ಬಂದರು. ಕೈಯಲ್ಲಿ ಅಳತೆ ಟೇಪು, ಕಂಕುಳಲ್ಲಿ ಫೈಲು. “ಗುಂಡಿ ತೋರಿಸಿ.” ಇಲ್ಲ ಸಾರ್. “ಮುಚ್ಚಿದ್ದು ತೋರಿಸಿ.” ಮುಚ್ಚಿಲ್ಲ ಸಾರ್. “ಮುಚ್ಚಿಲ್ವಾ?” ಅವರ ಮುಖ ಕಪ್ಪಾಯಿತು. ತೋಡಿಲ್ಲ ಅಂತ ಎಷ್ಟು ಹೇಳಿದರೂ ಫೈಲಿನಲ್ಲಿ ಒಂಬತ್ತು ಗುಂಡಿ, ಅರ್ಧ ಅಡಿ ಆಳ ಅಂತ ಸೀಲು ಸಮೇತ ಇದೆ. ನೆಲದಲ್ಲಿ ಇಲ್ಲದಿದ್ದರೆ ತಪ್ಪು ನೆಲದ್ದು. ತಾನು ತೋಡಿದ ಗುಂಡಿಗೆ ತಾನೇ ಬೀಳುವವರನ್ನು ನೋಡಿದ್ದೇವೆ. ನಾವು ತೋಡದ ಗುಂಡಿಗೆ ಬಿದ್ದವರು.

ಎಡಚ ಒಂದು ಉಪಾಯ ಹೇಳಿದ. ರಾತ್ರೋರಾತ್ರಿ ಒಂಬತ್ತು ಗುಂಡಿ ತೋಡಿ ಬೆಳಿಗ್ಗೆ ಅವರ ಕಣ್ಣೆದುರೇ ಮುಚ್ಚಿಬಿಡೋಣ ಅಂತ. ನಾವು ನಕ್ಕೆವು. ಅವರು ನಗಲಿಲ್ಲ. “ಹಾಗೆ ತೋಡೋಕೆ ಬೇರೆ ಪರ್ಮಿಷನ್ ಬೇಕು” ಅಂದರು.

ಹಾಗೆ ಮಾತಾಡುತ್ತಾ ಗೇಟಿನ ಹತ್ತಿರ ಬಂದೆವು. ಅಲ್ಲೊಂದು ಗುಂಡಿಯಿದೆ. ಯಾವುದೋ ಪೈಪು ಹಾಕಲು ಅಗೆದವರು ಪೈಪು ಮರೆತರೋ ಗುಂಡಿ ಮರೆತರೋ, ನಾನು ಪಾರ್ಕಿಗೆ ಬರಲು ಶುರು ಮಾಡಿದಾಗಿನಿಂದ ಇದೆ. ಮಳೆಗಾಲದಲ್ಲಿ ಅದರಲ್ಲಿ ಕಪ್ಪೆ ಕೂಗುತ್ತವೆ. ತಪಾಸಣೆಯವರು ಬಗ್ಗಿದರು. ಟೇಪು ಇಳಿಸಿದರು. ಅರ್ಧ ಅಡಿಗಿಂತ ಜಾಸ್ತಿಯೇ ಇತ್ತು. ಅವರ ಮುಖದಲ್ಲಿ ಅಂದು ಮೊದಲ ಸಲ ಸಮಾಧಾನ ಕಂಡಿತು. “ಇದೋ, ಇಲ್ಲಿದೆಯಲ್ರೀ!”

ವಾದಿಸಲಿಲ್ಲ. ನಾಲ್ಕು ಜನ ಸೇರಿ ಮಣ್ಣು ಹೊತ್ತು ಗುಂಡಿ ಮುಚ್ಚಿದೆವು, ತುಳಿದು ಗಟ್ಟಿ ಮಾಡಿದೆವು, ಪಕ್ಕ ನಿಂತು ಫೋಟೊ ತೆಗೆಸಿಕೊಂಡೆವು. ಅವರು ಅಲ್ಲೇ ಷರಾ ಬರೆದು ರುಜು ಹಾಕಿದರು: ‘ಒಂಬತ್ತರ ಪೈಕಿ ಒಂದು ಗುಂಡಿ ಮುಚ್ಚಲಾಗಿದೆ. ಬಾಕಿ ಎಂಟು.’

ಅವತ್ತಿನಿಂದ ನಾವು ಡಿಸ್ಕು ಮನೆಯಲ್ಲಿಟ್ಟು ಗುದ್ದಲಿ ಹಿಡಿದು ಬರುತ್ತೇವೆ. ಹುಡುಕಿದರೆ ಏನು ಕಮ್ಮಿ? ಬೆಂಚಿನ ಹಿಂದೆ ಒಂದು, ಜಾರುಬಂಡಿಯ ಬುಡದಲ್ಲಿ ಎರಡು, ನಡೆಯುವ ದಾರಿಯಲ್ಲೇ ನಾಲ್ಕು. ಅಜ್ಜ ತಮ್ಮ ಬೆಂಚಿನ ಕಾಲ ಕೆಳಗೆ ಇನ್ನೊಂದಿದೆ ಅಂತ ತೋರಿಸಿದರು. ಅದನ್ನು ಅಳೆದರೆ ಅರ್ಧ ಅಡಿ ಬರಲಿಲ್ಲ, ಬಿಟ್ಟೆವು. ಎಂಟಾಯಿತು. ಪಾರ್ಕಿನೊಳಗೆ ಇನ್ನು ಸ್ಟಾಕಿಲ್ಲ. ಒಂಬತ್ತನೆಯದು ಗೇಟಿನಾಚೆ, ನಡುರಸ್ತೆಯಲ್ಲಿದೆ. ಅಳತೆಯಲ್ಲಿ ಅದೇ ಎಲ್ಲಕ್ಕಿಂತ ಚೆನ್ನಾಗಿದೆ. ಆದರೆ ನಮ್ಮ ದಾರದ ಲೆಕ್ಕದಲ್ಲಿ ಅದು ಓಬಿ. ಕಚೇರಿ ಅದನ್ನು ಒಪ್ಪುತ್ತದೆಯೋ ಇಲ್ಲವೋ ಅಂತ ಕೇಳಿ ಅರ್ಜಿ ಕೊಟ್ಟು ಬಂದಿದ್ದೇನೆ.