ಆಸ್ಪತ್ರೆ ಎಷ್ಟು ದೂರ?

ಅಮೆರಿಕದಲ್ಲಿ ಚುನಾವಣೆ ಬಂದಾಗಲೆಲ್ಲ, ಅಲ್ಲಿನ ಹಳ್ಳಿಗಾಡಿನವರು ಹೆಚ್ಚಾಗಿ ಟ್ರಂಪ್ ಅವರ ರಿಪಬ್ಲಿಕನ್ ಪಕ್ಷಕ್ಕೆ ವೋಟು ಹಾಕುವುದನ್ನು ನೋಡಿ ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ಒಂದು ಮಾತು ಬಂದೇ ಬರುತ್ತದೆ. "ಆ ಹಳ್ಳಿ ಜನಕ್ಕೆ ತಮ್ಮ ಒಳ್ಳೇದು ಯಾವುದು ಅಂತಾನೇ ಗೊತ್ತಿಲ್ಲ." ಇದನ್ನು ಓದಿದಾಗ ನನಗೆ ನಿಜಕ್ಕೂ ಬೇಜಾರಾಗುತ್ತದೆ.

ನಾನು ನಾಲ್ಕು ವರ್ಷ ನೆಬ್ರಾಸ್ಕ ರಾಜ್ಯದ ಒಮಾಹಾ ನಗರದಲ್ಲಿದ್ದೆ. ಊರು ದಾಟಿ ಪಶ್ಚಿಮಕ್ಕೆ ಹೊರಟರೆ ಗಂಟೆಗಟ್ಟಲೆ ಮೆಕ್ಕೆಜೋಳ, ಸೋಯಾ, ದನಗಳ ದೊಡ್ಡಿ. ನನ್ನ ಜೊತೆ ಕೆಲಸ ಮಾಡುತ್ತಿದ್ದ ಗೆಳೆಯ ಆ ಕಡೆಯವನು. ಅವನ ತಂಗಿಗೆ ಹೆರಿಗೆ ನೋವು ಶುರುವಾದದ್ದು ಜನವರಿಯ ಒಂದು ರಾತ್ರಿ. ಊರಲ್ಲಿ ಆಸ್ಪತ್ರೆ ಇತ್ತು, ಆದರೆ ಹೆರಿಗೆ ವಾರ್ಡ್ ಮುಚ್ಚಿದ್ದರು. ಹಿಮ ಬಿದ್ದ ರಸ್ತೆಯಲ್ಲಿ ಒಂದೂವರೆ ಗಂಟೆ ಹೋಗಬೇಕಾಯಿತು. ಅವನು ಅದನ್ನು ಹೇಳುವಾಗ ದನಿ ನಡುಗುತ್ತಿತ್ತು.

ಇದು ಒಂದೇ ಊರಿನ ಕಥೆ ಅಲ್ಲ. 2010ರಿಂದ ಈಚೆಗೆ ಅಮೆರಿಕದ ಹಳ್ಳಿಗಾಡಿನಲ್ಲಿ 100ಕ್ಕೂ ಜಾಸ್ತಿ ಆಸ್ಪತ್ರೆಗಳು ಬಾಗಿಲು ಹಾಕಿವೆ, ಇಲ್ಲವೇ ರೋಗಿಗಳನ್ನು ಸೇರಿಸಿಕೊಳ್ಳುವುದನ್ನು ನಿಲ್ಲಿಸಿವೆ. ಹಳ್ಳಿ ಅಂದ ಕೂಡಲೇ ನಾವು ರೈತ ಅಂದುಕೊಳ್ಳುತ್ತೇವೆ, ಅಲ್ವಾ? ಅಲ್ಲಿ ಬೇಸಾಯವನ್ನೇ ನಂಬಿದವರು ಕಡಿಮೆ. ಶಾಲೆ, ಆಸ್ಪತ್ರೆ, ಮಾಂಸದ ಕಾರ್ಖಾನೆ, ಲಾರಿ, ಜೈಲು, ಹೀಗೆ ಎಲ್ಲೆಲ್ಲೋ ದುಡಿಯುವವರೇ ಹೆಚ್ಚು. ಆಸ್ಪತ್ರೆ ಮುಚ್ಚಿದರೆ ಔಷಧಿಯ ಜೊತೆ ಸಂಬಳವೂ ಹೋಯಿತು. ಆಮೇಲೆ ಮಕ್ಕಳಿರುವ ಮನೆಗಳು ಊರು ಬಿಡುತ್ತವೆ. ಶಾಲೆಯನ್ನು ಪಕ್ಕದೂರಿನ ಶಾಲೆಗೆ ಸೇರಿಸುತ್ತಾರೆ.

ಉಳಿದ ರೈತರ ಪಾಡೂ ಸುಲಭದ್ದಲ್ಲ. ಕೊಬ್ಬಿಸಿದ ದನಗಳಲ್ಲಿ ನೂರಕ್ಕೆ ಸುಮಾರು 85ನ್ನು ಕೊಳ್ಳುವುದು ನಾಲ್ಕೇ ಕಂಪನಿಗಳು. ಬೆಲೆ ಹೇಳುವವರು ಅವರೇ. ಕೆಟ್ಟ ಟ್ರ್ಯಾಕ್ಟರನ್ನು ತಾವೇ ರಿಪೇರಿ ಮಾಡಿಕೊಳ್ಳುವ ಹಕ್ಕಿಗೂ ಹೋರಾಡಬೇಕು. ಯಾಕಂದರೆ ಅದರ ಸಾಫ್ಟ್‌ವೇರಿನ ಬೀಗ ಕಂಪನಿಯ ಕೈಯಲ್ಲಿದೆ. ರೈತರಿಗೆ ಈ ಹಕ್ಕು ಕೊಡುವ ಕಾನೂನನ್ನು ಮೊದಲು ತಂದದ್ದು ಕೊಲೊರಾಡೊ, ಅದೂ 2023ರಲ್ಲಿ.

ಹಾಗಾದರೆ ಬಡವರ ಪರ ಮಾತಾಡುವ ಡೆಮಾಕ್ರಟರಿಗೆ ಯಾಕೆ ವೋಟು ಬೀಳುವುದಿಲ್ಲ? ಪಕ್ಷದ ಹೆಸರಿಲ್ಲದೆ, ವಿಷಯವನ್ನೇ ಜನರ ಮುಂದೆ ಇಟ್ಟಾಗ ಏನಾಯಿತು ನೋಡಿ. ಮಿಸ್ಸೂರಿ 2016ರಲ್ಲಿ ಟ್ರಂಪ್ ಅವರನ್ನು ಭಾರೀ ಅಂತರದಿಂದ ಗೆಲ್ಲಿಸಿತ್ತು. ಅದೇ ರಾಜ್ಯದಲ್ಲಿ 2018ರಲ್ಲಿ ಕಾರ್ಮಿಕ ಸಂಘಗಳ ಕೈಕಟ್ಟುವ ಕಾನೂನು ಜನಮತಕ್ಕೆ ಬಂತು. ನೂರಕ್ಕೆ 67 ಜನ ಬೇಡ ಅಂದರು. ಹಳ್ಳಿಗಳೂ ಬೇಡ ಅಂದವು. ನೆಬ್ರಾಸ್ಕದಲ್ಲಿ 2024ರಲ್ಲಿ ಸಂಬಳದ ಜೊತೆ ಅನಾರೋಗ್ಯ ರಜೆ ಕೊಡಬೇಕೆಂಬ ಪ್ರಸ್ತಾವಕ್ಕೆ ನಾಲ್ವರಲ್ಲಿ ಮೂವರು ಹೂಂ ಅಂದರು.

ಎಲ್ಲವೂ ಹೀಗೇ ಆಗಿದೆ ಅಂತ ಹೇಳಿದರೆ ಸುಳ್ಳಾಗುತ್ತದೆ. ಮಿಸ್ಸೂರಿಯಲ್ಲಿ 2020ರಲ್ಲಿ ಬಡವರ ಆರೋಗ್ಯ ವಿಮೆ ಮೆಡಿಕೇಡ್ ವಿಸ್ತರಣೆ ಗೆದ್ದದ್ದು ನಗರಗಳ ಬಲದಿಂದ. ಹೆಚ್ಚಿನ ಹಳ್ಳಿ ಕೌಂಟಿಗಳು, ಅಂದರೆ ನಮ್ಮ ಜಿಲ್ಲೆಗಳಂಥವು, ಬೇಡ ಅಂದವು. ಸರ್ಕಾರದ ದುಡ್ಡು ಬಂದರೂ ಅದು ನಮ್ಮೂರಿಗೆ ಮುಟ್ಟುವುದಿಲ್ಲ ಅನ್ನುವ ಗಟ್ಟಿ ಅನುಮಾನ ಅಲ್ಲಿದೆ. ಚರ್ಚು, ಗರ್ಭಪಾತ, ಬಂದೂಕು ಕೂಡ ಅವರಿಗೆ ಮನಸ್ಸಿನ ಆಳದ ವಿಷಯಗಳು. ಯಾರೋ ತಲೆ ಕೆಡಿಸಿದ್ದಾರೆ ಅಂತ ಸುಮ್ನೆ ತಳ್ಳಿಹಾಕಿದರೆ ಅವರನ್ನು ಮನುಷ್ಯರಂತೆ ಕಂಡ ಹಾಗಾಗುವುದಿಲ್ಲ. ಇನ್ನೊಂದು ಮಾತು, ಹಳ್ಳಿ ಅಂದರೆ ಬಿಳಿಯರು ಮಾತ್ರ ಅಲ್ಲ. ಟೆಕ್ಸಾಸ್ ಗಡಿಯ ಸ್ಟಾರ್ ಕೌಂಟಿಯಲ್ಲಿ ಹೆಚ್ಚುಕಮ್ಮಿ ಎಲ್ಲರೂ ಮೆಕ್ಸಿಕನ್ ಮೂಲದವರು. 1892ರ ನಂತರ ಮೊದಲ ಸಲ, 2024ರಲ್ಲಿ ಅದು ರಿಪಬ್ಲಿಕನ್ ಕಡೆ ವಾಲಿತು.

ನನ್ನ ಪ್ರಕಾರ ಅವರು ನೋಡುವುದು, ನಮ್ಮೂರಿಗೆ ಬಂದು ನಮ್ಮ ಭಾಷೆಯಲ್ಲಿ ಮಾತಾಡಿದವರು ಯಾರು ಅಂತ. 2024ರಲ್ಲಿ ನೆಬ್ರಾಸ್ಕದಿಂದ ಸೆನೆಟ್‌ಗೆ ಡ್ಯಾನ್ ಆಸ್ಬರ್ನ್ ಪಕ್ಷೇತರರಾಗಿ ನಿಂತರು. ಅವರು ಮೆಕ್ಯಾನಿಕ್. 2021ರಲ್ಲಿ ಒಮಾಹಾದ ಕೆಲ್ಲಾಗ್ಸ್ ಕಾರ್ಖಾನೆಯ ಮುಷ್ಕರದ ಮುಂದಾಳು. ಟ್ರ್ಯಾಕ್ಟರ್ ರಿಪೇರಿಯ ಹಕ್ಕಿನ ಬಗ್ಗೆ ಮಾತಾಡಿದರು. ಟ್ರಂಪ್ ನೂರಕ್ಕೆ ಸುಮಾರು 20 ವೋಟುಗಳ ಅಂತರದಿಂದ ಗೆದ್ದ ಆ ರಾಜ್ಯದಲ್ಲಿ ಆಸ್ಬರ್ನ್ ಸೋತದ್ದು ನೂರಕ್ಕೆ ಸುಮಾರು 7 ವೋಟುಗಳ ಅಂತರದಿಂದ. ಅಂದರೆ ಟ್ರಂಪ್‌ಗೆ ಒತ್ತಿದ ಎಷ್ಟೋ ಕೈಗಳು ಇವರಿಗೂ ಒತ್ತಿವೆ.

ಮೊನ್ನೆ ಆ ಗೆಳೆಯನಿಗೆ ಫೋನ್ ಮಾಡಿದ್ದೆ. ಯಾರಿಗೆ ವೋಟು ಹಾಕಿದೆ ಅಂತ ಕೇಳಲಿಲ್ಲ. ತಂಗಿಯ ಊರಿನ ಹೆರಿಗೆ ವಾರ್ಡ್ ಮತ್ತೆ ತೆರೆಯಿತಾ ಅಂತ ಕೇಳಿದೆ. ಇನ್ನೂ ಇಲ್ಲವಂತೆ.