ತೋಡಿಗೊಂದು ‘ಅಪ್’

ಮೇ ತಿಂಗಳ ಕೊನೆಗೆ ನಮ್ಮ ರಸ್ತೆಯ ತಿರುವಿನಲ್ಲಿ ಒಂದು ಬ್ಯಾನರ್ ಎದ್ದಿತು. ‘ಪ್ರಿ ಮಾನ್ಸೂನ್ ಡ್ರೈನ್ ಕ್ಲೀನ್ ಅಪ್ ಡ್ರೈವ್’. ಅಕ್ಷರ ಕನ್ನಡದ್ದೇ. ಕನ್ನಡ ಪದ ಮಾತ್ರ ಒಂದೂ ಇಲ್ಲ. ಕಿಟೆಲರ ನಿಘಂಟು 1894ರಲ್ಲಿ ಅಚ್ಚಾದದ್ದು ಇದೇ ಮಂಗಳೂರಿನಲ್ಲಿ, ಬಾಸೆಲ್ ಮಿಶನ್ ಪ್ರೆಸ್ಸಿನಲ್ಲಿ. ಅಷ್ಟು ದಪ್ಪದ ಪುಸ್ತಕ ಅಚ್ಚು ಹಾಕಿದ ಊರಿಗೆ ‘ತೋಡು’ ಅಂತ ಎರಡಕ್ಷರ ಬರೆಯಲು ಆಗಲಿಲ್ಲ. ಕೆಳಗೆ ಏಳು ಜನರ ಫೋಟೊ, ಏಳೂ ಜನ ಕೈ ಮುಗಿದಿದ್ದಾರೆ. ಯಾರಿಗೆ ಮುಗಿದದ್ದೋ, ಮಳೆಗೇ ಇರಬೇಕು.

ಅದೆಲ್ಲ ಇರಲಿ. ನನ್ನ ತಲೆ ತಿಂದದ್ದು ಆ ‘ಅಪ್’. ಕ್ಲೀನ್ ಅಂದರೆ ಸಾಕಲ್ವಾ, ಅಪ್ ಯಾಕೆ? ಪಕ್ಕದ ಮನೆಯಲ್ಲಿ ಇಂಗ್ಲಿಷ್ ಮಾಸ್ಟ್ರು ಇದ್ದಾರೆ. ನಿವೃತ್ತಿಯಾಗಿ ವರ್ಷ ಎಷ್ಟೋ ಆಯಿತು, ಆದರೆ ತಪ್ಪು ಇಂಗ್ಲಿಷ್ ಕಂಡರೆ ಅವರ ಕೈ ಈಗಲೂ ಅಂಗಿ ಕಿಸೆಯಲ್ಲಿ ಕೆಂಪು ಪೆನ್ನು ಹುಡುಕುತ್ತದೆ. ಅವರನ್ನೇ ಕೇಳಿದೆ.

“ಅದು ಒತ್ತಿ ಹೇಳ್ಲಿಕ್ಕೆ ಮಾರಾಯ್ರೆ. ಈಟ್ ಅಂದ್ರೆ ತಿನ್ನು. ಈಟ್ ಅಪ್ ಅಂದ್ರೆ ಬಾಳೆಯಲ್ಲಿ ಒಂದು ಅಗುಳೂ ಉಳಿಸದೆ ತಿಂದುಬಿಡು. ಡ್ರಿಂಕ್ ಅಪ್, ಯೂಸ್ ಅಪ್, ಎಲ್ಲ ಹಾಗೆಯೇ. ಅಲ್ಲಿ ಮೇಲೆ ಅಂತ ಅರ್ಥ ಇಲ್ಲ, ಪೂರ್ತಿ ಅಂತ ಅರ್ಥ. ನಮ್ಮ ‘ಬಿಡು’ ಮಾಡುವ ಕೆಲಸವನ್ನು ಅವರ ಅಪ್ ಮಾಡ್ತದೆ.”

ಹೌದಲ್ಲ ಅನ್ನಿಸಿತು. ಕೊಟ್ಟುಬಿಡು, ಮುಗಿಸಿಬಿಡು, ತೊಳೆದುಬಿಡು. ಎಂಥ ಗಟ್ಟಿ ಪದ. ಆದರೆ ಇದರಲ್ಲೊಂದು ಅಪಾಯವೂ ಉಂಟು. ‘ಮಾಡಿಬಿಡ್ತೇವೆ’ ಅಂತ ಯಾರಾದರೂ ಹೇಳಿದರೆ, ಪೂರ್ತಿ ಮಾಡ್ತಾರೋ, ಅಥವಾ ಸ್ವಲ್ಪ ಮಾಡಿ ಅಲ್ಲಿಗೇ ಬಿಡ್ತಾರೋ, ಕೇಳಿದವನಿಗೆ ಗೊತ್ತಾಗುವುದಿಲ್ಲ. ಮಳೆ ಬಂದ ಮೇಲೆ ಗೊತ್ತಾಗುತ್ತದೆ.

ಇಂಗ್ಲಿಷಿನವರದ್ದೂ ಪಾಪ ಸುಖದ ಸಂಸಾರ ಅಲ್ಲ. ಕ್ರಿಯಾಪದಕ್ಕೆ ಹೀಗೆ ಬಾಲ ಅಂಟಿಸುವ ಚಾಳಿ ಹೊರಗಿನವರಿಗೆ ಬಹಳ ಕಷ್ಟ ಕೊಡುತ್ತದೆ ಅಂತ ಸ್ಯಾಮ್ಯುಯೆಲ್ ಜಾನ್ಸನ್ 1755ರಲ್ಲೇ ತನ್ನ ನಿಘಂಟಿನ ಮುನ್ನುಡಿಯಲ್ಲಿ ಒಪ್ಪಿಕೊಂಡಿದ್ದಾನೆ. ಅವರ ಮನೆ ಬರ್ನ್ ಅಪ್ ಆದರೂ ಬರ್ನ್ ಡೌನ್ ಆದರೂ ಉಳಿಯುವುದು ಬೂದಿಯೇ. ಅರ್ಜಿಯನ್ನು ಬ್ರಿಟನ್ನಿನವರು ಫಿಲ್ ಇನ್ ಮಾಡುತ್ತಾರೆ, ಅಮೆರಿಕದವರು ಫಿಲ್ ಔಟ್, ನಾವು ಫಿಲ್ ಅಪ್. ನಾವು ಹೇಗೆ ತುಂಬಿಸಿದರೂ ಕೌಂಟರಿನ ಒಳಗಿಂದ ‘ಇನ್ನೊಂದು ಝೆರಾಕ್ಸ್ ಬೇಕು’ ಅಂತ ಬರುತ್ತದೆ, ಅದು ಬೇರೆ ಮಾತು. ಅವರಿಗೆ ಕೋಪ್ ಅಂದರೆ ಸಾಕು, ನಮಗೆ ಕೋಪ್ ಅಪ್ ಆಗಬೇಕು. ಯಾಕೆಂದರೆ ನಮಗೆ ಸಹಿಸಿಕೊಳ್ಳಲಿಕ್ಕೆ ಇರುವುದೂ ಜಾಸ್ತಿಯೇ.

ಸರಿ, ಡ್ರೈವಿನ ದಿನ ಬಂತು. ಜೆಸಿಬಿ ಬಂತು. ಫೋಟೊ ತೆಗೆಯುವವರು ಅದಕ್ಕಿಂತ ಮೊದಲೇ ಬಂದಿದ್ದರು. ಒಂದೂವರೆ ಗಂಟೆಯಲ್ಲಿ ತೋಡಿನ ಹೂಳೆಲ್ಲ ಮೇಲೆ ಬಂದು ರಸ್ತೆ ಬದಿಯಲ್ಲಿ ಸಾಲಾಗಿ ಕೂತಿತು: ಬೊಂಡದ ಚಿಪ್ಪು, ಹಾಲಿನ ತೊಟ್ಟೆ, ಒಂಟಿ ಚಪ್ಪಲಿ, ಯಾರದ್ದೋ ಮದುವೆಯ ಥರ್ಮೋಕೋಲ್ ಹಂಸ, ಎಲ್ಲಕ್ಕಿಂತ ಅಡಿಯಲ್ಲಿ ಹೋದ ವರ್ಷದ ಕ್ಲೀನ್ ಅಪ್ ಬ್ಯಾನರ್. ಜೆಸಿಬಿ ಹೋಯಿತು. ಹೂಳು ಹೋಗಲಿಲ್ಲ. ಅಪ್ ಅಂದರೆ ಪೂರ್ತಿ ಅಂತ ಮಾಸ್ಟ್ರು ಹೇಳಿದ್ದು ನನಗೆ ಮಾತ್ರ, ಇವರು ಅಪ್ ಅಂದರೆ ಮೇಲೆ ಅಂತಲೇ ತಿಳಿದಿದ್ದರು. ಮೇಲೆ ಹಾಕಿದರು. ಬಿಟ್ಟರು.

ಮೂರು ದಿನ ನೋಡಿ ಫೋನ್ ಮಾಡಿದೆ.

“ಹೂಳು ಅಲ್ಲಿಯೇ ಉಂಟಲ್ಲ?”

“ತೆಗೆಯುವುದು ಮಾತ್ರ ನಮ್ಮದು ಸರ್. ಸಾಗಿಸುವುದು ಬೇರೆಯವರು. ಅವರಿಗೆ ಹೇಳಿ ಆಗಿದೆ. ನೀವೂ ಸ್ವಲ್ಪ ಫಾಲೋ ಅಪ್ ಮಾಡ್ತಾ ಇರಿ.”

ಇನ್ನೊಂದು ಅಪ್! ಫಾಲೋ ಅಂದರೆ ಹಿಂದೆ ಹೋಗುವುದು. ಫಾಲೋ ಅಪ್ ಅಂದರೆ ಚಪ್ಪಲಿ ಸವೆಯುವವರೆಗೆ ಹಿಂದೆ ಹೋಗುವುದು. ಆ ಬೇರೆಯವರನ್ನು ಹುಡುಕಿ ಫೋನ್ ಮಾಡಿದರೆ ಅವರು ಇವರ ನಂಬರನ್ನೇ ಕೊಟ್ಟರು.

ಇಲ್ಲಿ ಮಳೆ ಹೇಳದೆ ಕೇಳದೆ ಬರುವ ನೆಂಟ ಏನಲ್ಲ. ವರ್ಷಕ್ಕೆ 3,500 ಮಿಲಿಮೀಟರಿಗೂ ಮಿಕ್ಕಿ ಸುರಿಯುವ ಊರಿದು. 2018ರ ಮೇ 29ರಂದು ಮುಂಗಾರು ಸರಿಯಾಗಿ ಕಾಲಿಡುವಾಗಲೇ ಅರ್ಧ ಮಂಗಳೂರು ನೀರಲ್ಲಿ ನಿಂತದ್ದನ್ನು ಕೊಟ್ಟಾರ ಚೌಕಿಯವರು ಮರೆತಿರಲಿಕ್ಕಿಲ್ಲ. ಆದರೂ ಪ್ರತಿ ವರ್ಷ ಜೂನ್ ಬಂದ ಕೂಡಲೇ ನಮ್ಮವರು, ಅರೆ, ಈ ಸಲ ಜೂನ್ ಇಷ್ಟು ಬೇಗ ಬಂತಾ ಎಂಬಂತೆ ಮುಖ ಮಾಡುತ್ತಾರೆ.

ಮೊದಲ ಮಳೆ ರಾತ್ರಿ ಎರಡು ಗಂಟೆಗೆ ಹಿಡಿಯಿತು. ಬೆಳಿಗ್ಗೆ ನೋಡಿದರೆ ರಸ್ತೆ ಬದಿ ಚೊಕ್ಕ. ಹೂಳು ಪೂರ್ತಿ ತೋಡಿಗೇ ವಾಪಸ್, ಬಾಡಿಗೆ ಲಾರಿ ಇಲ್ಲದೆ, ಟೆಂಡರ್ ಇಲ್ಲದೆ. ಒಂದು ಕೆಲಸವನ್ನು ಪೂರ್ತಿ ಮಾಡಿಬಿಟ್ಟದ್ದು ಅಂದರೆ ಆ ಮಳೆ ಒಂದೇ. ತೋಡಿನ ನೀರು ನಮ್ಮ ಅಂಗಳಕ್ಕೆ ಬಂತು. ಅದೇ ಹೊತ್ತಿಗೆ ಮೊಬೈಲಿಗೆ ಮೆಸೇಜೂ ಬಂತು: ಕ್ಲೀನ್ ಅಪ್ ಯಶಸ್ವಿ, ಸಹಕರಿಸಿದ ಎಲ್ಲರಿಗೂ ಧನ್ಯವಾದ. ಜೊತೆಗೆ ಸಾಕ್ಷಿಗೆ ಒಂದು ಫೋಟೊ. ರಸ್ತೆ ಬದಿಯ ಹೂಳಿನ ರಾಶಿಯದ್ದು.

ಹೊರಗೆ ಮಾಸ್ಟ್ರು ಕೊಡೆ ಹಿಡಿದು, ಪಂಚೆ ಮೊಣಕಾಲಿನ ಮೇಲೆ ಕಟ್ಟಿ ಗೇಟಿನ ಹತ್ತಿರ ನಿಂತಿದ್ದರು. ತಿರುವಿನಲ್ಲಿದ್ದ ಬ್ಯಾನರ್ ತೇಲಿಕೊಂಡು ಬಂದು ಅವರ ಗೇಟಿಗೆ ಸಿಕ್ಕಿಹಾಕಿಕೊಂಡಿತ್ತು. ಏಳು ಜನ ನೀರಿನಲ್ಲೂ ಕೈ ಮುಗಿದೇ ಇದ್ದರು. ಮಾಸ್ಟ್ರ ಕೈ ಕಿಸೆಗೆ ಹೋಯಿತು, ಕೆಂಪು ಪೆನ್ನು ಬಂತು. ‘ಅಪ್’ ಹೊಡೆಯುತ್ತಾರೆ ಅಂತ ನಾನು ನೋಡುತ್ತಿದ್ದೆ. ಅವರು ‘ಕ್ಲೀನ್’ ಎಂಬುದಕ್ಕೆ ಅಡ್ಡ ಗೀಟು ಎಳೆದರು.

“ಅಪ್ ಇರ್ಲಿ ಮಾರಾಯ್ರೆ” ಅಂದರು, ಗೇಟಿನ ಎರಡನೇ ಸರಳು ಮುಟ್ಟಿದ್ದ ನೀರು ನೋಡುತ್ತಾ. “ಅದು ಸರಿ ಉಂಟು.”